ಕಂಡಕ್ಟರಮ್ಮ ಕಂಬ ಬಿಟ್ಟದ್ದು

ಮನೆಯಿಂದ,
ಭಾನುವಾರ, ತಾರೀಖು ಒಂಬತ್ತು

ಪ್ರೀತಿಯ ಬಳ್ಳೀ,

ಹೇಗಿದ್ದೀಯ? ಮೊದಲು ಅದನ್ನು ಹೇಳು. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಅಕ್ಕನ ಮನೆಯಲ್ಲೂ ನಿಂತಲ್ಲೇ ಎರಡು ತುತ್ತು ಬಾಯಿಗೆ ಹಾಕಿಕೊಂಡು ಓಡುತ್ತಿದ್ದೀಯೋ? ನಿನ್ನ ಅಕ್ಕ, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದಾರೆ ಅಂದುಕೊಂಡಿದ್ದೇನೆ. ಅಕ್ಕನ ಜೆರಾಕ್ಸ್ ಅಂಗಡಿಯಲ್ಲಿ ಇಡೀ ದಿನ ಮೆಷಿನ್ನಿನ ಮುಂದೆ ನಿಂತೇ ಇರುತ್ತೀಯಂತೆ. ನಡುನಡುವೆ ಹಿಮ್ಮಡಿ ಎತ್ತಿ ಇಳಿಸುತ್ತಿರು, ಇಲ್ಲದಿದ್ದರೆ ಮೀನಖಂಡ ಕಲ್ಲಾಗುತ್ತದೆ. ಇದು ನೀನೇ ನನಗೆ ಕಲಿಸಿದ ಪಾಠ. ನಿನ್ನದನ್ನು ನಿನಗೇ ವಾಪಸು ಕೊಡುತ್ತಿದ್ದೇನೆ.

ನಾನು ಆರೋಗ್ಯವಾಗಿದ್ದೇನೆ. ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದ್ದಾಯಿತು. ಒಳಗಿನಿಂದ ಹೊರಗೆ ಬಂದ ಕೈ ನನ್ನದೇ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಸಣ್ಣಗೆ, ಬಿಳುಚಿಕೊಂಡು, ಯಾರದೋ ಮನೆಯಿಂದ ಕಡ ತಂದ ಹಾಗೆ ಇತ್ತು. ಫಿಸಿಯೋ ಹುಡುಗಿ ಮೆತ್ತನೆಯ ಚೆಂಡೊಂದನ್ನು ಕೊಟ್ಟು ಹಿಸುಕುತ್ತಿರಿ ಅಂದಿದ್ದಾಳೆ, ದಿನಾ ಒಂದಿಷ್ಟು ಬರೆಯಿರಿ ಅಂತಲೂ ಅಂದಿದ್ದಾಳೆ. ಚೆಂಡು ಹಿಸುಕಿ ಹಿಸುಕಿ ಬೇಸರವಾಯಿತು, ಅದಕ್ಕೇ ಈ ಪತ್ರ. ಅಕ್ಷರ ಕುಣಿದಿದ್ದರೆ ಓಡುವ ಬಸ್ಸಿನಲ್ಲಿ ಕೂತು ಬರೆದಿದ್ದಾರೆ ಅಂದುಕೊ. ಫೋನಿನಲ್ಲೇ ಹೇಳಬಹುದಿತ್ತು ನಿಜ. ಆದರೆ ಫೋನಿನಲ್ಲಿ ನೀನು "ಅತ್ತೆ, ಕೈ ಹೇಗಿದೆ?" ಅಂತ ಕೇಳುತ್ತೀಯ, ನಾನು ಬಾಯಿ ತೆರೆಯುವ ಮೊದಲೇ ಅಳುತ್ತೀಯ, ನಿನ್ನಕ್ಕ ಫೋನು ಕಿತ್ತುಕೊಂಡು "ಆಮೇಲೆ ಮಾಡ್ತಾಳೆ, ಇಡಿ" ಅನ್ನುತ್ತಾಳೆ. ಪತ್ರಕ್ಕೆ ಆ ಕಾಟವಿಲ್ಲ. ಅತ್ತು ಮುಗಿಸಿ ಬಂದರೆ ಬಿಟ್ಟ ಸಾಲಿನಲ್ಲೇ ಕಾಯುತ್ತಿರುತ್ತದೆ.

ನಿನ್ನ ತರಗತಿ ಕೋಣೆಯ ಕಂಬಗಳನ್ನೆಲ್ಲ ತೆಗೆಸಿ, ಬೀಗದ ಕೈ ಮಾಲೀಕರಿಗೆ ಒಪ್ಪಿಸಿಬಿಡಿ, ಇನ್ನು ನಾನು ಯಾರಿಗೂ ಕಲಿಸುವುದಿಲ್ಲ ಎಂದು ನೀನು ಗಂಡನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅದರ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಮನೆಯ ಸುದ್ದಿ ಕೇಳು.

ನಿನ್ನ ಗಂಡ ಚೆನ್ನಾಗಿದ್ದಾನೆ, ಅಂದರೆ ಚೆನ್ನಾಗಿದ್ದೇನೆ ಅನ್ನುತ್ತಾನೆ. ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋಗುತ್ತಾನೆ, ಊರಿನವರ ಕಣ್ಣೆಲ್ಲ ಸರಿಮಾಡಿ ಸಂಜೆ ಮನೆಗೆ ಬರುತ್ತಾನೆ, ಎದುರಿಗೆ ಕೂತ ಅಮ್ಮ ಮಾತ್ರ ಅವನ ಕಣ್ಣಿಗೆ ಬೀಳುವುದಿಲ್ಲ. ನಿನ್ನ ನೆನಪೇನೂ ಆಗುತ್ತಿಲ್ಲವಂತೆ. ಆದರೆ ಬಂದವನೇ ಬಾಲ್ಕನಿಗೆ ಹೋಗಿ ನಿನ್ನ ಗಿಡಗಳಿಗೆ ನೀರು ಹಾಕುತ್ತಾನೆ. ಎಷ್ಟು ಹಾಕುತ್ತಾನೆಂದರೆ ಎರಡು ಗಿಡ ಕೊಳೆತೇ ಹೋದವು. ಯಾವುವು ಎಂದು ಈಗ ಹೇಳುವುದಿಲ್ಲ, ಬಂದಾಗ ನೀನೇ ನೋಡಿ ಅವನನ್ನು ಬೈದುಕೊ. ಅಡಿಗೆ ಅವನದೇ. ಒಂದು ದಿನ ಉಪ್ಪಿಲ್ಲ, ಮಾರನೆಯ ದಿನ ಹಿಂದಿನ ದಿನದ ಉಪ್ಪೂ ಸೇರಿಸಿ ಹಾಕಿರುತ್ತಾನೆ. ಹೋಗಿ ಹೆಂಡತಿಯನ್ನು ಕರೆದುಕೊಂಡು ಬಾರೋ ಎಂದರೆ "ಕರೆಯೋಕೆ ಯಾರೂ ಬರಬೇಡಿ ಅಂದಿದ್ದಾಳಮ್ಮ, ಹೆಂಗೆ ಹೋಗಲಿ?" ಎಂದು ನನ್ನನ್ನೇ ಕೇಳುತ್ತಾನೆ. ಹೆಂಡತಿ ಮಾತು ಕೇಳಬೇಕು ಎಂದು ಚಿಕ್ಕಂದಿನಿಂದ ಅವನ ತಲೆಗೆ ತುಂಬಿದವಳು ನಾನೇ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಈಗ ಆ ಉಪ್ಪಿಲ್ಲದ ಊಟವನ್ನು ಉಣ್ಣುತ್ತಿದ್ದೇನೆ.

ಕೆಳಮನೆಯಾಕೆಯ ವಿಷಯ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ನಾನು ಬಿದ್ದ ಸುದ್ದಿ ಆಸ್ಪತ್ರೆಗೆ ತಲುಪುವ ಮೊದಲೇ ಆಕೆಗೆ ತಲುಪಿತ್ತು. ಮೊದಲ ದಿನ "ಅತ್ತೆ ಬಿದ್ದರಂತೆ" ಎಂದಿತ್ತು. ಮಾರನೆಯ ದಿನ "ಸೊಸೆ ಕೈ ಬಿಟ್ಟಳಂತೆ" ಆಯಿತು. ವಾರ ಕಳೆಯುವಷ್ಟರಲ್ಲಿ ನೀನು ನನ್ನನ್ನು ಮೇಲಿನಿಂದ ತಳ್ಳಿಯೇ ಬಿಟ್ಟಿದ್ದೆ. ಕಡ್ಡಿಯನ್ನು ಗುಡ್ಡ ಮಾಡುವವರನ್ನು ನೋಡಿದ್ದೇನೆ, ಈಕೆ ಗುಡ್ಡಕ್ಕೆ ಮೆಟ್ಟಿಲನ್ನೂ ಕಟ್ಟಿ ಜನರನ್ನು ಹತ್ತಿಸುತ್ತಾಳೆ. ನೀನು ಅಕ್ಕನ ಊರಿಗೆ ಹೋದ ಮೇಲಂತೂ ಕೇಳಬೇಡ. "ನೋಡಿದ್ರಾ, ಸೊಸೆ ಕಂಬಿ ಕಿತ್ತಳು" ಎಂದು ನನ್ನೆದುರೇ ಅಂದಳು. ನಾನು "ಕಂಬಿ ಕಿತ್ತಿಲ್ಲ ಕಣಮ್ಮ, ಕಂಬಾನೇ ಕೀಳಿಸ್ತೀನಿ ಅಂತಿದಾಳೆ, ಅದೇ ನಮ್ಮ ಸಂಕಟ" ಅಂದೆ. ಆಕೆಗೆ ಅರ್ಥವಾಗಲಿಲ್ಲ. ನಿನ್ನ ತರಗತಿಯನ್ನು ಆಕೆ ಇವತ್ತಿಗೂ ಪೋಲ್ ಡ್ಯಾನ್ಸ್ ಎನ್ನುವುದಿಲ್ಲ, "ಆ ಪೋಲಿ ಡ್ಯಾನ್ಸು" ಎನ್ನುತ್ತಾಳೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ನಾವೇ ಒಳಗೊಳಗೆ ಪೋಲಿ ಕ್ಲಾಸು ಎಂದು ಕರೆದುಕೊಂಡು ನಗುತ್ತೇವೆ. ನಮ್ಮ ತರಗತಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ನರ್ಸಿಗೆ "ಸಂಜೆ ಪೋಲಿ ಇದೆ, ಬೇಗ ಹೋಗ್ಬೇಕು" ಎಂದುಬಿಟ್ಟರಂತೆ.

ಹೌದು, ತರಗತಿ ನಡೆಯುತ್ತಿದೆ. ಹುಬ್ಬು ಗಂಟಿಕ್ಕಬೇಡ, ಪೂರ್ತಿ ಓದು.

ನೀನು ಹೋದ ಮೇಲೆ ಹಲ್ಲಿನ ಡಾಕ್ಟರು, ಲೈಬ್ರರಿಯಾಕೆ ಇಬ್ಬರೂ ಮನೆಗೆ ಬಂದು ನನ್ನನ್ನು ನೋಡಿದರು. ಲೈಬ್ರರಿಯಾಕೆ, ನಿನಗೆ ಗೊತ್ತಲ್ಲ, ಗಟ್ಟಿಯಾಗಿ ಮಾತಾಡಿದರೆ ಯಾರೋ ಬೈಯುತ್ತಾರೇನೋ ಅನ್ನುವಂಥವಳು. ಆಕೆ ಪಿಸುದನಿಯಲ್ಲಿ, "ಕೋಣೆ ಬಾಗಿಲು ಸುಮ್ನೆ ತೆಗೀತೀರಾ? ಕಂಬ ಹಿಡ್ಕೊಂಡು ನಿಂತ್ಕೊಂಡು ಬರ್ತೀವಿ, ಅಷ್ಟೆ" ಎಂದಳು. ಪಾಪ ಅನ್ನಿಸಿತು. ಕತ್ತಿಗೆ ಕೈ ಕಟ್ಟಿಕೊಂಡೇ ಹೋಗಿ ಟೈರಿನ ಅಂಗಡಿಯ ಮೇಲಿನ ಆ ಮಹಡಿ ಹತ್ತಿ ಬೀಗ ತೆಗೆದೆ. ಕಿಟಕಿ ಮುಚ್ಚಿಯೇ ಇದ್ದುದರಿಂದ ಒಳಗೆಲ್ಲ ರಬ್ಬರಿನ ವಾಸನೆ. ಕನ್ನಡಿಯ ಮೇಲೆ ಧೂಳು. ಕಂಬಗಳ ಮೇಲೆ ಮಾತ್ರ ಧೂಳು ಕೂತಿರಲಿಲ್ಲ, ಅಷ್ಟು ನುಣ್ಣಗಿವೆಯಲ್ಲ. ಸ್ಪಿರಿಟ್ ಹಾಕಿ ಎಡಗೈಯಲ್ಲೇ ಒಂದೊಂದನ್ನೂ ಮೇಲಿಂದ ಕೆಳಗೆ ಒರೆಸಿದೆ. ಅವತ್ತು ಬಾಗಿಲು ತೆಗೆಯುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ. ಆದರೆ ಹಲ್ಲಿನ ಡಾಕ್ಟರು ಭುಜವನ್ನು ಕಿವಿಗೆ ಹತ್ತಿಸಿಕೊಂಡು ಕಂಬಕ್ಕೆ ನೇತುಬಿದ್ದದ್ದನ್ನು ನೋಡಿ ಸುಮ್ಮನಿರಲಾಗಲಿಲ್ಲ. "ಭುಜ ಇಳಿಸಿ ಡಾಕ್ಟ್ರೇ, ಕಿವಿಗೂ ಭುಜಕ್ಕೂ ಮಧ್ಯ ಒಬ್ಬರು ಪ್ಯಾಸೆಂಜರ್ ಕೂರೋ ಅಷ್ಟು ಜಾಗ ಇರಬೇಕು" ಎಂದುಬಿಟ್ಟೆ. ಅಲ್ಲಿಂದ ನನ್ನ ಮೇಷ್ಟ್ರಗಿರಿ ಶುರು.

ಹೆದರಬೇಡ, ನನ್ನ ಮಿತಿ ನನಗೆ ಗೊತ್ತು. ಕಂಬ ಹತ್ತಿ ಮೇಲೆ ಹೋಗುವ ಯಾವ ಪಾಠವನ್ನೂ ನಾನು ಮಾಡಿಸುವುದಿಲ್ಲ. ಮೈ ಬಿಸಿ ಮಾಡಿಸುತ್ತೇನೆ, ತುದಿಗಾಲಲ್ಲಿ ಕಂಬದ ಸುತ್ತ ನಡೆಸುತ್ತೇನೆ, ಕಂಬದ ಕಡೆಯ ಒಳಗಾಲು, ಆಚೆ ಕಡೆಯ ಹೊರಗಾಲು ತಪ್ಪದ ಹಾಗೆ ನೋಡಿಕೊಳ್ಳುತ್ತೇನೆ, ಕಂಬವನ್ನು ಎದೆಗೆ ಹತ್ತಿರ ಎಳೆದುಕೊಂಡು ನೆಲದಿಂದ ಒಂದು ಗೇಣು ಮೇಲೆ ಕಾಲು ಎತ್ತಿ ಇಳಿಸುವಷ್ಟು ಮಾಡಿಸುತ್ತೇನೆ. "ಮೇಲೆ ಯಾವಾಗ?" ಎಂದು ಕೇಳಿದರೆ "ಮೇಲಿನ ಟಿಕೆಟ್ ನನ್ನ ಹತ್ರ ಇಲ್ಲ, ಅದು ನನ್ನ ಸೊಸೆ ಹತ್ರ" ಅನ್ನುತ್ತೇನೆ. ಇನ್ನೊಂದು ತಮಾಷೆ. ಕೆಳಮನೆಯಾಕೆ ದಿನಾ ಸಂಜೆ ನಮ್ಮನ್ನು ನೋಡಿ ಅಸಹ್ಯಪಟ್ಟುಕೊಳ್ಳಲು ತಪ್ಪದೆ ಬರುತ್ತಾಳೆ. ಮೊದಲು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಕಾಲು ನೋಯುತ್ತದೆಂದು ಈಗ ಮಡಚುವ ಕುರ್ಚಿಯೊಂದನ್ನು ಮನೆಯಿಂದಲೇ ಹಿಡಿದುಕೊಂಡು ಬರುತ್ತಾಳೆ. ಆಕೆಗೆ ಕಲಿಯುವ ಮನಸ್ಸೇನೂ ಇಲ್ಲ, ಬೈಯುವುದಕ್ಕೆ ಆರಾಮ ಬೇಕು ಅಷ್ಟೆ. ಮೊನ್ನೆ ಒಂದು ದಿನ ಬರಲಿಲ್ಲ, ನಮಗೇ ಬಿಕೋ ಅನ್ನಿಸಿತು.

ಈ ಅಸಹ್ಯವನ್ನು ನಾನೂ ಪಟ್ಟಿದ್ದೆ ಎನ್ನುವುದನ್ನು ನೀನು ಮರೆತಿರಲಾರೆ. ಮದುವೆಗೆ ಮುಂಚೆ ಹುಡುಗಿ ಏನು ಮಾಡುತ್ತಾಳೆಂದು ಕೇಳಿದ್ದಕ್ಕೆ ನನ್ನ ಮಗ "ಪೋಲ್ ಫಿಟ್ನೆಸ್ ಹೇಳಿಕೊಡ್ತಾಳೆ" ಎಂದಾಗ ವಿದ್ಯುತ್ ಕಂಬದ ಲೈನ್‌ಮನ್ ಕೆಲಸದ ತರಬೇತಿ ಇರಬೇಕು ಎಂದುಕೊಂಡಿದ್ದೆ. ಪರವಾಗಿಲ್ಲ, ಗಟ್ಟಿಗಿತ್ತಿ ಅಂತ ಖುಷಿಯೂ ಆಗಿತ್ತು. ಆಮೇಲೆ ನೀನು ಮನೆಯ ಬೀಗದ ಕೈ ಮರೆತು ಹೋದ ದಿನ ಅದನ್ನು ಕೊಡಲು ತರಗತಿಗೆ ಬಂದವಳು, ಅರ್ಧ ಚಡ್ಡಿ ಹಾಕಿಕೊಂಡು ಕಂಬಕ್ಕೆ ತೊಡೆ ಸುತ್ತಿ ಕೂತ ಹೆಂಗಸರನ್ನು ನೋಡಿ ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡಿದ್ದೆ. ಹಾಗೆ ಕಣ್ಣು ಮುಚ್ಚಿಕೊಂಡೇ ಹಿಡಿಯಲು ಏನಾದರೂ ಸಿಗುತ್ತದಾ ಎಂದು ಕೈ ಚಾಚಿದೆ ನೋಡು, ಕಂಬ ಸಿಕ್ಕಿತು. ಕೈಗೆ ಅದರ ಪರಿಚಯವಾದ ಹಾಗೆ ಆಯಿತು. ಇಡೀ ನೌಕರಿ ಬಸ್ಸಿನ ಕಂಬ ಹಿಡಿದು ನಿಂತವಳಲ್ಲವೇ ನಾನು. ಬೆನ್ನು ಆನಿಸಿ, ಒಂದು ಕಾಲನ್ನು ಹಿಂದಿನಿಂದ ಸುತ್ತಿ, ಎರಡೂ ಕೈ ಬಿಟ್ಟು ತಿರುವಿನಲ್ಲೂ ಟಿಕೆಟ್ ಹರಿದು ಚಿಲ್ಲರೆ ಕೊಟ್ಟವಳು. ಅಭ್ಯಾಸ ಬಲದಿಂದ ಹಾಗೇ ನಿಂತೆ. ನೀನು ಬಾಯಿ ಬಿಟ್ಟುಕೊಂಡು ನೋಡಿ, "ಅತ್ತೆ, ಇದನ್ನ ಕಲಿಸೋಕೆ ನಾನು ಇವರಿಗೆ ತಿಂಗಳುಗಟ್ಟಲೆ ಒದ್ದಾಡ್ತಿದೀನಿ" ಎಂದೆ. ಅವತ್ತಿನಿಂದ ನಾನು ಕಂಡಕ್ಟರಮ್ಮ.

ಆಗಿನ ಪಾಡನ್ನು ನೆನೆಸಿಕೊಂಡರೆ ಒಬ್ಬಳೇ ನಗುತ್ತೇನೆ. ಮಾನ ಮುಖ್ಯ ಎಂದು ಕಾಲಿಡೀ ಮುಚ್ಚುವ ಪ್ಯಾಂಟು ಹಾಕಿಕೊಂಡು ಹತ್ತಲು ಹೋಗಿ ಜರ್ರನೆ ಜಾರಿ ನೆಲಕ್ಕೆ ಬಂದು ಕೂತದ್ದು. ಮೈಚರ್ಮ ತಾಗಿದರೆ ಮಾತ್ರ ಕಂಬ ಹಿಡಿಯುತ್ತದೆ, ಬಟ್ಟೆಯನ್ನು ನಂಬಬೇಡಿ ಎಂದು ನೀನು ಹೇಳಿದರೂ ಕೇಳದೆ, ಕೊನೆಗೆ ನಿನ್ನ ಗಂಡನ ಹಳೆಯ ಆಟದ ಚಡ್ಡಿ ಹುಡುಕಿ ಹಾಕಿಕೊಂಡದ್ದು. ತೊಡೆ, ಮೊಣಕಾಲ ಹಿಂಭಾಗ ಎಲ್ಲ ನೀಲಿಗಟ್ಟಿ, ಬಿ.ಪಿ. ನೋಡುವ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು "ಮನೇಲಿ ಎಲ್ಲ ಸರಿ ಇದೆಯಾ?" ಎಂದು ಮೆಲ್ಲಗೆ ಕೇಳಿದ್ದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಕಂಬವೇ ವಾರೆಯಾಗಿದೆ ಎಂದು ಜಗಳ ತೆಗೆದರೆ ನೀನು ಫಿಟ್ಟರನ್ನು ಕರೆಸಿ ಅಳತೆ ಹಿಡಿಸಿ ತೋರಿಸಿದ್ದು. ಒಂದು ಸಲ, ಒಂದೇ ಒಂದು ಸಲ ಬಳ್ಳೀ, ಮೇಲೆ ಹೋಗಿ ತೊಡೆ ಬಿಗಿದು ಕೂತು ಎರಡೂ ಕೈ ಚಾಚಿದಾಗ ಕನ್ನಡಿಯಲ್ಲಿ ನನ್ನನ್ನು ನಾನು ಗುರುತಿಸಲಿಲ್ಲ. ಇವಳು ಯಾರಪ್ಪಾ ಎನ್ನಿಸಿತು. ಪಿಂಚಣಿ ತೆಗೆದುಕೊಳ್ಳುವ ವಯಸ್ಸಿನಲ್ಲಿ ಹೊಸಬಳೊಬ್ಬಳ ಪರಿಚಯ ಆಗುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ಅದು ನಿನ್ನಿಂದ ಆಯಿತು.

ಈಗ ಹೇಳಬೇಕಾದ ಸುದ್ದಿಗೆ ಬರುತ್ತೇನೆ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಆಸ್ಪತ್ರೆಯಿಂದ ಒಬ್ಬಳೇ ಬಸ್ಸಿನಲ್ಲಿ ಬರುತ್ತಿದ್ದೆ. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಿದ್ದೆ. ಬಿಡುಗಡೆಯಾದ ಕೈಗೆ ಏನಾದರೂ ಹಿಡಿಯುವ ಆಸೆ. ಕಂಡಕ್ಟರ್ ಒಬ್ಬಳು ಹುಡುಗಿ, ನನ್ನ ಕಾಲದ ನನ್ನ ಹಾಗೆಯೇ ಚುರುಕು. ಯಾರೋ ಮುದುಕರು ಕೈ ಅಡ್ಡ ಹಾಕಿರಬೇಕು, ಅವಳು ಹಿಂದಿನಿಂದ ಡ್ರೈವರಿಗೆ "ಹೋಲ್ಡಾನ್!" ಎಂದು ಕೂಗಿದಳು. ಕೂಗಿದ್ದೇ ತಡ, ನನ್ನ ಕೈ ತಾನಾಗಿ ಕಂಬ ಬಿಟ್ಟಿತು, ಕಾಲು ತಾನಾಗಿ ಮೆಟ್ಟಿಲಿಗೆ ಇಳಿಯಿತು. ಬಸ್ಸು ಇನ್ನೂ ಉರುಳುತ್ತಿತ್ತು. ಅವಳು ನನ್ನ ರಟ್ಟೆ ಹಿಡಿದು ಎಳೆದು, "ಅಮ್ಮಾ, ನಿಲ್ಲೋವರ್ಗೂ ಹಿಡ್ಕೊಂಡಿರಿ! ಜೀವ ಬೇಡ್ವಾ?" ಎಂದು ಗದರಿದಳು. ನಾನು ಮೆಟ್ಟಿಲಿನ ಮೇಲೆ ನಿಂತುಕೊಂಡೇ ನಗಲು ಶುರು ಮಾಡಿದೆ. ಬಸ್ಸಿನವರೆಲ್ಲ ಹುಚ್ಚಿ ಎಂದುಕೊಂಡರು. ಅವಳ ಕೈ ಹಿಡಿದು "ತುಂಬಾ ಉಪಕಾರ ಆಯ್ತು ಮಗಳೇ" ಎಂದೆ. ಯಾವುದಕ್ಕೆ ಎಂದು ಅವಳಿಗೆ ಹೇಗೆ ತಿಳಿಯಬೇಕು. ಮುಂದಿನ ನಿಲ್ದಾಣದಲ್ಲಿ ನನ್ನನ್ನು ತಾನೇ ಇಳಿಸಿ ಹೋದಳು.

ಅವತ್ತು ಕೋಣೆಯಲ್ಲಿ ಏನಾಯಿತು ಎಂದು ನೀನು, ನಿನ್ನ ಗಂಡ, ಮೂಳೆ ಡಾಕ್ಟರು ಎಲ್ಲರೂ ನನ್ನನ್ನು ಕೇಳಿದಿರಿ. "ಯಾಕೆ ಬಿಟ್ರಿ ಅತ್ತೆ?" ಎಂದು ನೀನು ಆಸ್ಪತ್ರೆಯಲ್ಲಿ ಕೇಳುತ್ತಲೇ ಇದ್ದೆ. ನಾನು ಗೊತ್ತಿಲ್ಲ ಎಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಹಾಗಾಗಿ ನೀನೇ ಒಂದು ಉತ್ತರ ಕಟ್ಟಿಕೊಂಡೆ. "ಹಲ್ಲಿನ ಡಾಕ್ಟರು ಪಕ್ಕದ ಕಂಬದಿಂದ ಕರೆದಾಗ ನಾನು ಮುಖ ತಿರುಗಿಸಿದೆ, ಆಗ ಅತ್ತೆಯ ಸೊಂಟದ ಮೇಲಿಟ್ಟಿದ್ದ ನನ್ನ ಕೈ ಸಡಿಲಾಯಿತು, ಅತ್ತೆ ಬಿದ್ದರು" ಎಂದು. ಅದು ಹಾಗಲ್ಲ. ಈಗ ನನಗೆ ಪೂರ್ತಿ ನೆನಪಿದೆ, ಕೇಳು. ನಾನು ತಲೆಕೆಳಗಾಗಿದ್ದೆ. ಮೊಣಕಾಲ ಮಡಿಕೆ ಕಂಬವನ್ನು ಕಚ್ಚಿಕೊಂಡಿತ್ತು, ಎರಡೂ ಕೈ ಬಿಗಿಯಾಗಿದ್ದವು. ಮೊಣಕಾಲು ಬೆವರಿ ಒಂದಿಷ್ಟು ಜಾರಿತು. ನೀನು ಮುಖ ತಿರುಗಿಸಿದ್ದು ನಿಜ, ಆದರೆ ನಿನ್ನ ಅಂಗೈ ನನ್ನ ಸೊಂಟದ ಮೇಲೆ ಇದ್ದಲ್ಲೇ ಇತ್ತು, ಅದರ ಬಿಸಿ ಈಗಲೂ ಹೇಳಬಲ್ಲೆ. ಜಾರಿದ್ದು ನಿನ್ನ ಅಂಗೈಗೇ ಮೊದಲು ಗೊತ್ತಾಯಿತು. ಗಾಬರಿಯಲ್ಲಿ ನೀನು ಕೂಗಿದೆ. ದಿನಾ ನೀನು ನನಗೆ ಹೇಳುವುದು "ಬಿಗಿಯಾಗಿ ಹಿಡ್ಕೊಳ್ಳಿ ಅತ್ತೆ" ಎಂದು. ಅವತ್ತು ಬಾಯಿಗೆ ಬಂದದ್ದು ನಿನಗೆ ಕಂಬ ಹತ್ತಲು ಕಲಿಸಿದ ಇಂಗ್ಲಿಷ್ ಟೀಚರ ಮಾತು. "ಹೋಲ್ಡಾನ್!" ಎಂದೆ.

ಅವರ ಭಾಷೆಯಲ್ಲಿ ಅದಕ್ಕೆ ಗಟ್ಟಿಯಾಗಿ ಹಿಡಿದುಕೊ ಎಂದು ಅರ್ಥವಂತೆ. ನಿನ್ನ ಗಂಡನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಬಸ್ಸಿನಲ್ಲಿ ದುಡಿದವರಿಗೆ ಅದಕ್ಕೆ ಒಂದೇ ಅರ್ಥ ಕಣೇ, ನಿಲ್ಲಿಸು, ಇಳಿಯುವವರು ಇದ್ದಾರೆ. ಆ ಶಬ್ದ ಕಿವಿಗೆ ಬಿದ್ದರೆ ಕೈ ಕಂಬ ಬಿಡುತ್ತದೆ, ಕಾಲು ಮೆಟ್ಟಿಲು ಹುಡುಕುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನೌಕರಿಯ ಗುಣ ತಲೆಕೆಳಗಾಗಿ ನೇತಾಡಿದರೂ ಹೋಗುವುದಿಲ್ಲ ಎಂದು ಈಗ ಗೊತ್ತಾಯಿತು. ನೀನು ಹಿಡಿ ಎಂದೆ, ನಾನು ಇಳಿ ಎಂದು ಕೇಳಿಸಿಕೊಂಡೆ, ಮೇಲೆ ಕಾಲು ಕೆಳಗೆ ತಲೆ ಇದ್ದವಳು ಸ್ಟಾಪು ಬಂತೆಂದು ಇಳಿದುಬಿಟ್ಟೆ. ಇಡೀ ಮೈಯಭಾರ ಏಕಾಏಕಿ ಬಂದರೆ ಯಾರ ಒಂದು ಅಂಗೈ ತಾನೆ ತಡೆದೀತು? ಸೊಸೆ ಕೈ ಕೊಟ್ಟಳು ಎಂದು ಊರು ಅನ್ನುತ್ತದೆ. ಹೌದು, ನೀನು ಕೊಟ್ಟಿದ್ದೆ, ನನ್ನ ಸೊಂಟಕ್ಕೆ ಕೊಟ್ಟಿದ್ದೆ, ಕೊನೆಯವರೆಗೂ ತೆಗೆಯಲಿಲ್ಲ. ಈಗ ತರಗತಿಯಲ್ಲಿ ಆ ಶಬ್ದವನ್ನೇ ನಿಷೇಧಿಸಿದ್ದೇನೆ. ಹಿಡಿಯಬೇಕಾದರೆ "ಬಿಗಿ", ಇಳಿಯಬೇಕಾದರೆ "ಇಳಿ", ಮುಂದುವರಿಯಬೇಕಾದರೆ "ರೈಟ್". ಲೈಬ್ರರಿಯಾಕೆ ಕೂಡ "ರೈಟ್" ಎಂದು ಗಟ್ಟಿಯಾಗಿ ಕೂಗುವುದನ್ನು ಕಲಿತಿದ್ದಾಳೆ, ಕೆಳಗಿನ ಟೈರ್ ಅಂಗಡಿಯವರು ಮೊದಲ ದಿನ ರಸ್ತೆಗೆ ಬಂದು ಬಸ್ಸು ಎಲ್ಲಿ ಎಂದು ನೋಡಿದರಂತೆ.

ಇದನ್ನೆಲ್ಲ ನಿನ್ನನ್ನು ಸಮಾಧಾನಪಡಿಸಲು ಕಟ್ಟಿದ ಕಥೆ ಅಂದುಕೊಳ್ಳಬೇಡ. ನಿನ್ನ ಅತ್ತೆಗೆ ಸುಳ್ಳು ಹೇಳಲು ಬರುತ್ತದೆ, ಇಷ್ಟು ಚೆನ್ನಾಗಿ ಬರುವುದಿಲ್ಲ. ಇನ್ನೊಂದು ಮಾತು. ಒಂದು ವೇಳೆ ನಿನ್ನ ಕೈಯೇ ಜಾರಿದ್ದರೂ ನಾನು ನಿನ್ನ ಮೇಲೆ ಕೋಪಿಸಿಕೊಳ್ಳುತ್ತಿರಲಿಲ್ಲ. ಜಾರದ ಕೈ ಯಾರಿಗಿದೆ? ನನಗೆ ನಿಜವಾಗಿ ನೋವಾದದ್ದು ಮೂಳೆ ಮುರಿದಾಗ ಅಲ್ಲ, ಆಸ್ಪತ್ರೆಯಿಂದ ಬಂದ ಮೇಲೆ ನೀನು ನನಗೆ ಲೋಟ ಕೊಡುವಾಗಲೂ ಕೈ ತಾಗದ ಹಾಗೆ ಮೇಜಿನ ಮೇಲಿಟ್ಟು ಹೋಗುತ್ತಿದ್ದೆಯಲ್ಲ, ಆಗ. ಅದನ್ನು ಹೇಳದೆ ಮನಸ್ಸಿನಲ್ಲಿಟ್ಟುಕೊಂಡರೆ ನಾಳೆ ಇನ್ಯಾವುದರ ಮೇಲೋ ಸಿಡುಕುತ್ತೇನೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಕೊತ್ತಿಯೂ ಇಲ್ಲ.

ನನ್ನ ಬಗ್ಗೆ ಯಾವ ಚಿಂತೆಯೂ ಬೇಡ. ಬಿದ್ದರೂ ಮೀಸೆ ಮಣ್ಣಾಗಿಲ್ಲ, ಇರುವ ನಾಲ್ಕು ಕೂದಲೂ ಸ್ವಚ್ಛವಾಗಿವೆ. ಕೈಗೆ ಬಲ ಬರುತ್ತಿದೆ. ಇನ್ನು ಹಗುರಾಗಿ ಅಭ್ಯಾಸ ಶುರು ಮಾಡಬಹುದು, ಆದರೆ ಪಕ್ಕದಲ್ಲಿ ತಿಳಿದವರು ಇರಲಿ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ನಾಳೆ ಬೇಕಾದರೂ ಹತ್ತುತ್ತೇನೆ ಎಂದು ಎಲ್ಲರಿಗೂ ಹೇಳುತ್ತಾ ಓಡಾಡುತ್ತಿದ್ದೇನೆ. ಎಲ್ಲರೂ "ಕಂಡಕ್ಟರಮ್ಮ ಅಂದ್ರೆ ಕಂಡಕ್ಟರಮ್ಮನೇ" ಎಂದು ಹೊಗಳುತ್ತಾರೆ. ಹೊಗಳಿಕೆ ಯಾರಿಗೆ ಬೇಡ ಹೇಳು.

ಅಕ್ಕನನ್ನು, ಭಾವನನ್ನು ಕೇಳಿದೆನೆಂದು ಹೇಳು. ಮಕ್ಕಳ ಕೆನ್ನೆ ನನ್ನ ಪರವಾಗಿ ಒಂದೊಂದು ಸಲ ಹಿಂಡು. ಜೆರಾಕ್ಸ್ ಮೆಷಿನ್ನಿನ ಬಿಸಿಗಾಳಿಗೆ ಮುಖವೊಡ್ಡಿ ನಿಲ್ಲಬೇಡ. ಮಗ ಅಂಗಡಿಗೆ ಹೋಗುವ ದಾರಿಯಲ್ಲಿ ಇದನ್ನು ಪೋಸ್ಟಿಗೆ ಹಾಕುತ್ತಾನೆ, ಒಡೆದು ಓದುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೇನೆ. ನನ್ನ ಎರಡೂ ಕೈಗಳ ಆಶೀರ್ವಾದ ನಿನ್ನ ತಲೆಯ ಮೇಲಿದೆ. ಒಂದು ಕೈ ಸ್ವಲ್ಪ ಹಗುರ, ಅಷ್ಟೆ.

ಇಂತಿ,
ನಿನ್ನಿಂದ ತಳ್ಳಿಸಿಕೊಂಡಳೆಂದು ಪ್ರಸಿದ್ಧಳಾದ
ನಿನ್ನ ಅತ್ತೆ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಂಬಗಳ ವಿಷಯ ಕೊನೆಯಲ್ಲಿ ಹೇಳುತ್ತೇನೆ ಎಂದಿದ್ದೆ. ಅವನ್ನು ಕೀಳಲು ಫಿಟ್ಟರ್ ಶನಿವಾರ ಬರುತ್ತಾನೆ. ಬರಬೇಡ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆ ಕೋಣೆ ನೀನು ಕಟ್ಟಿದ್ದು, ಇಟ್ಟುಕೊಳ್ಳುವುದೂ ಬಿಡುವುದೂ ನಿನ್ನ ಇಷ್ಟ. ಆದರೆ ನಿನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ನಾನೊಬ್ಬಳೇ ಹೋಗಿ ಕಿಟಕಿ ಪಕ್ಕದ ಕಂಬ ಹಿಡಿದು ನಿಂತೆ. ಹತ್ತುವುದಕ್ಕಲ್ಲ, ಬರೀ ಕಾಲೆತ್ತಿ ನೋಡ್ತೀನಿ ಅಂದುಕೊಂಡೆ. ಕಾಲು ನೆಲ ಬಿಡಲಿಲ್ಲ. ಬೇರೆಯವರಿಗೆ ದಿನಾ ಮಾಡಿಸುವ ಅದೇ ಒಂದು ಗೇಣು. ಕಂಬ ಒರೆಸಿ ಮತ್ತೆ ಹಿಡಿದೆ, ಆಗಲೂ ಇಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದು ಮನೆಗೆ ಬಂದೆ. ನನಗೆ ಹೆದರಿಕೆ ಬಳ್ಳೀ. ಇದನ್ನು ನನ್ನ ಮಗನಿಗೂ ಹೇಳಿಲ್ಲ, ಹೇಳಿದರೆ ಅವನು ಶನಿವಾರದ ತನಕವೂ ಕಾಯುವುದಿಲ್ಲ. ಕಂಬ ಹೋದರೆ ಈ ಹೆದರಿಕೆ ನನ್ನಲ್ಲೇ ಉಳಿದುಬಿಡುತ್ತದೆ, ಕನ್ನಡಿಯಲ್ಲಿ ಕಂಡವಳನ್ನು ನಾನು ಮತ್ತೆ ನೋಡುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ, ಶುಕ್ರವಾರದೊಳಗೆ ಒಂದು ಸಲ ಬಾ. ತರಗತಿಗೆ ಬೇಡ, ಗಂಡನಿಗೋಸ್ಕರವೂ ಬೇಡ. ನನ್ನನ್ನು ಒಂದು ಗೇಣು ಮೇಲೆ ಎತ್ತಿಸಿ ಕೆಳಗಿಳಿಸು. ಆಮೇಲೂ ತೆಗೆಸಬೇಕು ಅನ್ನಿಸಿದರೆ ಫಿಟ್ಟರಿಗೆ ಏಣಿ ನಾನೇ ಹಿಡಿಯುತ್ತೇನೆ. ಬೇರೆ ಯಾರಾದರೂ ಪಕ್ಕದಲ್ಲಿ ನಿಂತರೆ ಸಾಲದಾ ಎಂದು ಮೂಳೆ ಡಾಕ್ಟರು ಕೇಳಿದರು. ಸಾಲದು ಎಂದೆ.